ಅಂಗಳಕ್ಕೆ ಬರುವ ಜಿಂಕೆ

 

ಶ್ರೀ ಶಾಂತಿನಾಥ ತೀರ್ಥಂಕರರ ಲಾಂಛನವು ಜಿಂಕೆ. ನೇಮಿನಾಥ ಸ್ವಾಮಿಯು ವಿವಾಹದ ದಿನವೇ ವಿರಕ್ತನಾದುದು ಕೂಡಿಹಾಕಿದ ಮೃಗಗಳ ಆರ್ತನಾದವನ್ನು ಕೇಳಿ ಎಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದುದರಿಂದ ಜಿಂಕೆಯನ್ನು ಕಂಡೊಡನೆ ಕೈಯಲ್ಲಿದ್ದುದನ್ನು ತಿನ್ನಿಸಬೇಕೆಂದು ನಮಗೆ ತೋರುವುದು ಸಹಜ. ಈ ದಯೆಯ ವಿಷಯವಾಗಿಯೇ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ವ್ಯಾಪಾರನಿಮಿತ್ತ ಚೆನ್ನೈಗೆ ಹೋಗುವ ನಮ್ಮವರು ಗಿಂಡಿಯ ಕಾಡನ್ನು ನೋಡಿರಬಹುದು. ನಗರದ ನಡುವೆ ಉಳಿದಿರುವ ಆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 2.7 ಚದರ ಕಿಲೋಮೀಟರು ಮಾತ್ರ. 1959ರಲ್ಲಿ ಸ್ಥಾಪಿತವಾದ ಐ.ಐ.ಟಿ. ವಿದ್ಯಾಸಂಸ್ಥೆಗೆ ಅದೇ ಕಾಡಿನಿಂದ 600 ಎಕರೆಗೂ ಮಿಕ್ಕ ಭೂಮಿ ದೊರೆಯಿತು. ಅಲ್ಲಿ ವಸತಿಗೃಹಗಳೂ ವಿದ್ಯಾರ್ಥಿನಿಲಯಗಳೂ ಕ್ರಮೇಣ ಬೆಳೆದವು; ಚುಕ್ಕೆಜಿಂಕೆ, ಕೃಷ್ಣಮೃಗಗಳು ಸ್ಥಳ ಬಿಟ್ಟು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಸುತ್ತಲೂ ಪಟ್ಟಣ. ಮನೆಬಾಗಿಲ ಮುಂದೆಯೇ ಮೇಯುವಷ್ಟು ಸಲಿಗೆ ಅವಕ್ಕೆ ಬಂದಿತು. ನೋಡುವವರಿಗೆ ತಪೋವನದ ಚಿತ್ರವೇ ಸರಿ.

ಆದರೆ ಅಲ್ಲಿ ಸತ್ತ ಜಿಂಕೆಗಳ ಉದರದಲ್ಲಿ ಪ್ಲಾಸ್ಟಿಕ್ ಚೀಲಗಳು ಕಂಡಿವೆ. ಅನ್ನದ ವಾಸನೆ, ಉಪ್ಪಿನ ರುಚಿ ಹತ್ತಿದ ಚೀಲವನ್ನು ಮೂಕಪ್ರಾಣಿ ಹಾಗೆಯೇ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಅದು ಕರಗದು, ಮುಂದಕ್ಕೂ ಸಾಗದು. ಹೊಟ್ಟೆ ತುಂಬಿದ್ದರೂ ಮೃಗವು ಸೊರಗುತ್ತದೆ. (ಅಂಗಡಿಯವನಾದ ನಾನು ಚೀಲದ ಮಾತನ್ನು ಹಗುರವಾಗಿ ಆಡಲಾರೆ.) ಇನ್ನು ಎಂಜಲನ್ನ ಬಿದ್ದಲ್ಲಿಗೆ ಬೀದಿನಾಯಿಗಳು ಬರುತ್ತವೆ. ಅವು ಅಟ್ಟಿದರೆ ಕಚ್ಚಲೇಬೇಕೆಂದಿಲ್ಲ, ಓಟದ ದಣಿವು ಮತ್ತು ಭಯದಿಂದಲೇ ಜಿಂಕೆ ಪ್ರಾಣ ಬಿಡುವುದುಂಟು. ಪ್ರೀತಿಯಿಂದ ಬಡಿಸಿದ ಶುದ್ಧ ಅನ್ನವೂ ಅತಿಯಾದರೆ ಹೊಟ್ಟೆಯಲ್ಲಿ ಹುಳಿಯೇರಿ ಅದಕ್ಕೆ ವಿಷವಾಗುತ್ತದೆ.

ಜಪಾನಿನ ನಾರಾ ನಗರದಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಜನರ ನಡುವೆ ಅಡ್ಡಾಡುತ್ತವೆ. ಅವುಗಳಿಗೆಂದೇ ತೌಡು, ಹಿಟ್ಟು ಬೆರೆಸಿ ಸಕ್ಕರೆಯಿಲ್ಲದೆ ಮಾಡಿದ ಬಿಲ್ಲೆಗಳನ್ನು ಮಾರುತ್ತಾರೆ. ಅಷ್ಟು ಕಟ್ಟುನಿಟ್ಟಿದ್ದರೂ 2019ರಲ್ಲಿ ಸತ್ತ ಒಂದು ಜಿಂಕೆಯ ಹೊಟ್ಟೆಯಲ್ಲಿ 4 ಕಿಲೋಗೂ ಹೆಚ್ಚು ಪ್ಲಾಸ್ಟಿಕ್ ದೊರೆಯಿತು.

ಮತ್ತೊಂದು ವಿಷಯವನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ತಾಯಿಜಿಂಕೆಯು ಎಳೆಮರಿಯನ್ನು ಪೊದೆಯಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಅನಾಥವೆಂದು ಮರುಗಿ ಮನೆಗೆ ತಂದರೆ, ಮರಳಿ ಬಂದ ತಾಯಿಗೆ ಮರಿ ಕಾಣದು. 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧವೂ ಹೌದು. ಅಂತಹ ಮರಿಯನ್ನು ಕಂಡರೆ ಮುಟ್ಟದೆ, ಮಕ್ಕಳನ್ನೂ ನಾಯಿಗಳನ್ನೂ ದೂರವಿರಿಸಿ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ.