ಶಕ್ತಿ ಮತ್ತು ಹಿಡಿತ: ಟರ್ಬೋ ಇಂಜಿನ್ ಕಲಿಸುವ ಪಾಠ

(ಜಾಲಹಳ್ಳಿಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)



ಕಾರಿನ ಮಾತು ಬಂದರೆ ನಮ್ಮ ಹುಡುಗರ ಕಿವಿ ನೆಟ್ಟಗಾಗುತ್ತದೆ. ಆದ್ದರಿಂದ ಇಂದು ಸ್ಪೋರ್ಟ್ಸ್ ಕಾರುಗಳ ಟರ್ಬೋ ಇಂಜಿನ್ನಿನ ಬಗ್ಗೆಯೇ ಹೇಳುತ್ತೇನೆ. ಇದರಲ್ಲಿ ವಿಜ್ಞಾನವೂ ಇದೆ, ನಿಮ್ಮ ಜೀವದ ಪ್ರಶ್ನೆಯೂ ಇದೆ.

ಇಂಜಿನ್ನಿಗೆ ಹೆಚ್ಚು ಗಾಳಿ ಕೊಟ್ಟರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದಲೇ ಈ ಗಾಳಿಯನ್ನು ತುಂಬಬಹುದೆಂದು ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ನಮ್ಮ ಶಕ್ತಿನಗರದಲ್ಲಿ ಉಗಿ ಟರ್ಬೈನನ್ನು ತಿರುಗಿಸುತ್ತದೆ. ಇಲ್ಲಿ ಹೊಗೆ ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಚಕ್ರ ನಿಮಿಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗಬಲ್ಲದು.

ಆದರೆ ಒಂದು ತೊಡಕಿದೆ. ನಾರಾಯಣಪುರ ಬಲದಂಡೆ ಕಾಲುವೆಯ ಗೇಟು ಎತ್ತಿದ ಕೂಡಲೇ ಕೊನೆಯ ಭಾಗದ ಹೊಲಕ್ಕೆ ನೀರು ಬರುತ್ತದೆಯೇ? ಇಲ್ಲ. ಕಾಲುವೆ ತುಂಬಬೇಕು, ಆಮೇಲೆ ನೀರು ಹರಿಯಬೇಕು. ಟರ್ಬೋದಲ್ಲೂ ಹಾಗೆಯೇ. ನೀವು ಆಕ್ಸಿಲರೇಟರ್ ಒತ್ತಿದ ಮೇಲೆ ಹೊಗೆ ಹೆಚ್ಚಬೇಕು, ಚಕ್ರ ವೇಗ ಪಡೆಯಬೇಕು, ಒತ್ತಡ ಏರಬೇಕು. ಈ ತಡಕ್ಕೆ ಟರ್ಬೋ ಲ್ಯಾಗ್ ಎಂದು ಹೆಸರು.

ತಡಕ್ಕಿಂತ ಅಪಾಯಕಾರಿಯಾದುದು ಆಮೇಲೆ ಒಮ್ಮೆಲೇ ನುಗ್ಗುವ ಬಲ. 1974ರ ಪ್ಯಾರಿಸ್ ಪ್ರದರ್ಶನದಲ್ಲಿ ಬಂದ ಪೋರ್ಶೆ 911 ಟರ್ಬೋ ಇದಕ್ಕೆ ಪ್ರಸಿದ್ಧ ಉದಾಹರಣೆ. 3 ಲೀಟರ್ ಇಂಜಿನ್, 260 ಅಶ್ವಶಕ್ತಿ, ಇಂಜಿನ್ ಇದ್ದದ್ದು ಹಿಂಭಾಗದಲ್ಲಿ. ತಿರುವಿನಲ್ಲಿ ಚಾಲಕ ಪೆಡಲ್ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ; ಮರುಕ್ಷಣ ಬಲವೆಲ್ಲ ಹಿಂದಿನ ಚಕ್ರಗಳಿಗೆ ಬರುತ್ತಿತ್ತು. ಹೆದರಿ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲಿ, ಕಾರಿನ ಹಿಂಭಾಗ ಜಾರಿ ತಿರುಗುತ್ತಿತ್ತು. ಬಲಕ್ಕೆ ಕೊರತೆ ಇರಲಿಲ್ಲ, ಹಿಡಿತಕ್ಕೆ ಇತ್ತು.

ಇಂಜಿನಿಯರುಗಳು ಸೋಲೊಪ್ಪಲಿಲ್ಲ. 1979ರಲ್ಲಿ ರೆನೋ ಕಂಪನಿ ತನ್ನ ಫಾರ್ಮುಲಾ ಒನ್ ಕಾರಿಗೆ ಒಂದು ದೊಡ್ಡ ಟರ್ಬೋ ಬದಲು ಎರಡು ಚಿಕ್ಕ ಟರ್ಬೋ ಹಾಕಿತು. ಚಿಕ್ಕ ಚಕ್ರ ಹಗುರ, ಬೇಗ ತಿರುಗುತ್ತದೆ. ಅದೇ ವರ್ಷ ಜುಲೈ 1ರಂದು ಡಿಜೋನ್‌ನಲ್ಲಿ ಟರ್ಬೋ ಕಾರೊಂದು ಫಾರ್ಮುಲಾ ಒನ್‌ನಲ್ಲಿ ಮೊದಲ ಬಾರಿಗೆ ಗೆದ್ದಿತು. ನೀರಿನ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಜೋರಾಗಿ ಚಿಮ್ಮುವುದಲ್ಲವೇ? ಹಾಗೆ ಹೊಗೆಯ ದಾರಿಯನ್ನು ಅಗತ್ಯಕ್ಕೆ ತಕ್ಕಂತೆ ಕಿರಿದು-ಹಿರಿದು ಮಾಡುವ ಟರ್ಬೈನ್ 2006ರ ಪೋರ್ಶೆ 911 ಟರ್ಬೋದಲ್ಲಿ ಬಂತು. 2022ರಲ್ಲಿ ಮರ್ಸಿಡಿಸ್-ಎಎಂಜಿ ಸಿ 43 ಕಾರಿನಲ್ಲಿ, ಹೊಗೆ ಬರುವ ಮುಂಚೆಯೇ ಚಕ್ರ ತಿರುಗಿಸಲು ದಂಡದ ಮೇಲೇ ವಿದ್ಯುತ್ ಮೋಟಾರು ಕೂಡಿಸಿದರು. ಒತ್ತಡ ಎಷ್ಟು, ಇಂಧನ ಎಷ್ಟು ಎಂಬುದನ್ನು ಈಗ ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ನಮಗೂ ಈ ಕಾರುಗಳಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ರಸ್ತೆಯಲ್ಲಿ ಓಡುವ ಬಿಡದಿಯ ಇನ್ನೋವಾ ಡೀಸೆಲ್‌ನಲ್ಲಿ, ಲಾರಿಗಳಲ್ಲಿ, ಅನೇಕ ಟ್ರ್ಯಾಕ್ಟರುಗಳಲ್ಲಿ ಇದೇ ಟರ್ಬೋ ಇದೆ. ದೇವದುರ್ಗದ ರಸ್ತೆಯಲ್ಲಿ ಲಾರಿಯ ಹಿಂದೆ ಇದ್ದೀರಿ ಎಂದುಕೊಳ್ಳಿ. ಮೇಲಿನ ಗೇರಿನಲ್ಲೇ ಪೆಡಲ್ ಒತ್ತಿ ಓವರ್‌ಟೇಕ್ ಮಾಡಲು ಹೊರಟಿರಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಎದುರಿನ ವಾಹನವೂ ಅದೇ ವೇಗದಲ್ಲಿದ್ದರೆ, ಬಲಕ್ಕಾಗಿ ನೀವು ಕಾಯುವ ಒಂದು ಸೆಕೆಂಡಿನಲ್ಲಿ ನಿಮ್ಮಿಬ್ಬರ ನಡುವಿನ ಅಂತರ 44 ಮೀಟರ್ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲೇ ಗೇರು ಇಳಿಸಿ, ಇಂಜಿನ್ ಚುರುಕಾಗಿರಲಿ; ರಸ್ತೆ ಪೂರ್ತಿ ಕಾಣದಿದ್ದರೆ ಹೋಗಲೇಬೇಡಿ. ಹೆಚ್ಚು ಬಲಕ್ಕಾಗಿ ಸಿಕ್ಕಸಿಕ್ಕಲ್ಲಿ ಇಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಬೇಡಿ. ಜೋರಾಗಿ ಓಡಿಸಿ ಬಂದ ಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ. ಇಲ್ಲದಿದ್ದರೆ ಬೇರಿಂಗಿನ ಎಣ್ಣೆ ಸುಟ್ಟು ಟರ್ಬೋ ಕೆಡುತ್ತದೆ.

ಇನ್ನೊಂದು ಮಾತು. ನಮ್ಮ ಸಮಾಜದಲ್ಲಿ ಮೆಕ್ಯಾನಿಕ್ ಕೆಲಸದಿಂದ ಮನೆ ನಡೆಸುವವರು ಬಹಳ ಮಂದಿ. ಅವರ ಕೈಯ ಅನುಭವ ದೊಡ್ಡದು. ಆದರೆ ಇಂದಿನ ಇಂಜಿನ್ನಿಗೆ ಪಾನಾ ಮಾತ್ರ ಸಾಲದು. ಸೆನ್ಸರ್, ವೈರಿಂಗ್, ಕಂಪ್ಯೂಟರ್ ತಿಳಿದಿರಬೇಕು. ಎಸ್ಸೆಸ್ಸೆಲ್ಸಿ ಆದ ಮಕ್ಕಳು ನೇರ ಗ್ಯಾರೇಜಿಗೆ ಹೋಗುವ ಬದಲು ಐಟಿಐಯ ಮೋಟಾರ್ ವೆಹಿಕಲ್ ತರಬೇತಿಯನ್ನೋ, ಆಟೊಮೊಬೈಲ್ ಡಿಪ್ಲೊಮಾವನ್ನೋ ಮುಗಿಸಲಿ. ಹೆಣ್ಣುಮಕ್ಕಳೂ ಬರಲಿ. ಯಂತ್ರವಿದ್ಯೆ ನಮಗೆ ಹೊಸದಲ್ಲ. ಅಲ್-ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ಎರಡು ಸಿಲಿಂಡರುಗಳ ನೀರೆತ್ತುವ ಪಂಪನ್ನು ಚಿತ್ರಸಹಿತ ವಿವರಿಸಿದ್ದಾರೆ. ಕೈಯ ಕಸುಬನ್ನೂ ಲೇಖನಿಯನ್ನೂ ಅವರು ಬೇರೆ ಮಾಡಲಿಲ್ಲ.

ಸೂರಃ ಅರ್‌ರಹ್ಮಾನ್‌ನಲ್ಲಿ ಮೀಜಾನ್, ಅಂದರೆ ತಕ್ಕಡಿ ಎಂಬ ಪದ ಬರುತ್ತದೆ. ಟರ್ಬೋ ಇಂಜಿನ್ನಿನ ನೂರು ವರ್ಷಗಳ ದುಡಿಮೆಯೂ ಶಕ್ತಿ ಮತ್ತು ಹಿಡಿತವನ್ನು ಸರಿತೂಗಿಸುವ ದುಡಿಮೆಯೇ. ಸ್ಟಿಯರಿಂಗ್ ಹಿಡಿದಾಗ ಇದು ನಿಮ್ಮ ನೆನಪಿನಲ್ಲಿರಲಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಇಲ್ಮ್ ಮತ್ತು ಸುರಕ್ಷಿತ ಪ್ರಯಾಣವನ್ನು ಕರುಣಿಸಲಿ. ಆಮೀನ್. ವಸ್ಸಲಾಮ್.