ಬೀದಿ ನಾಟಕದಿಂದ ಗ್ರಾಮಸಭೆಗೆ

1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ನಾಟಕವನ್ನು ಬೀದಿಗೆ ತಂದಿತು. ಬಿಹಾರದಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ‘ಬೆಲ್ಚಿ’ಯನ್ನು ನಮ್ಮ ನಾಡಿನ ಊರೂರುಗಳಲ್ಲಿ ಜನ ಸುತ್ತ ನಿಂತು ನೋಡಿದರು. ಅಲ್ಲಿ ಟಿಕೆಟ್ಟೂ ಇಲ್ಲ, ದೊಡ್ಡವರಿಗೆ ಮುಂದಿನ ಸಾಲೂ ಇಲ್ಲ.

ಗ್ರಾಮಸಭೆಯೂ ಹಾಗೆಯೇ ಇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ, ಕಾಡಿನ ಹಕ್ಕು ಯಾರಿಗೆಂದು ಗೊತ್ತುಮಾಡುವ ಕೆಲಸ ಶುರುವಾಗುವುದೇ ಅಲ್ಲಿ. ಕೋಟೆ ತಾಲ್ಲೂಕಿನ ಹಾಡಿಗಳ ಜೇನುಕುರುಬರು ಆ ಸಭೆಯಲ್ಲಿ ಮಾತನಾಡದಿದ್ದರೆ, ಅವರ ಬದುಕನ್ನು ಬೇರೆಯವರು ತೀರ್ಮಾನಿಸುತ್ತಾರೆ.

ಅಧಿಕಾರಿಯ ಎದುರು ನಾಲಗೆ ಏಳದವರು ನಾಟಕದಲ್ಲಿ ಅಧಿಕಾರಿಯ ಪಾತ್ರವನ್ನೇ ಒಮ್ಮೆ ಹಾಕಲಿ. ಕುರ್ಚಿಯ ಭಯ ಅರ್ಧ ಇಳಿಯುತ್ತದೆ. ಆದರೆ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಸಾಲದು. ನಾಟಕದಲ್ಲಿ ಎದ್ದ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ.