ಪೆಟ್ಟಿಗೆ ಮೇಲೆ ‘ಇಎನ್‌ಸಿ’ ಅಂತ ಇದ್ದರೆ ಬಸ್ಸಿನ ಸದ್ದು ನಿಲ್ಲಲ್ಲ

ಜವಳಗೇರಾದಿಂದ ದಿನಾ ಸಿಂಧನೂರಿಗೆ ಕಾಲೇಜು, ಕೋಚಿಂಗ್, ಅಂಗಡಿ ಕೆಲಸ ಅಂತ ಹೋಗೋರು ಈ ಎಪಿಸೋಡನ್ನ ಬಸ್ಸಿನಲ್ಲೇ ಕೇಳ್ತಿರಬಹುದು. ಹಂಗಿದ್ರೆ ಒಂದ್ಸಲ ಫೋನ್ ತೆಗೆದು ವಾಲ್ಯೂಮ್ ಎಷ್ಟಿದೆ ನೋಡ್ರಿ. ಮನೆಯಲ್ಲಿ ಇದೇ ದನಿಯನ್ನ ನೀವು ಎಷ್ಟಕ್ಕೆ ಕೇಳ್ತಿದ್ರಿ, ಈಗ ಎಷ್ಟಕ್ಕೆ ಏರಿಸಿದ್ದೀರಿ? ಇವತ್ತಿನ ಮಾತೆಲ್ಲ ಆ ವ್ಯತ್ಯಾಸದ ಮೇಲೇ ಇದೆ.

ಹೆಡ್‌ಫೋನ್ ತಗೊಳ್ಳುವಾಗ ನಾವು ಕೇಳೋ ಮೊದಲ ಪ್ರಶ್ನೆ, ‘ಬೇಸ್ ಹೆಂಗಿದೆ?’ ನನ್ನ ಪ್ರಕಾರ ಅದು ಆಮೇಲೆ ಕೇಳೋ ಪ್ರಶ್ನೆ. ಮೊದಲು ಕೇಳಬೇಕಾದ್ದು, ಹೊರಗಿನ ಸದ್ದನ್ನ ಇದು ಎಷ್ಟು ತಡೀತದೆ ಅಂತ. ಯಾಕಂದ್ರೆ ಹೊರಗಿನ ಸದ್ದು ಒಳಗೆ ಬಂದಷ್ಟೂ ನಾವು ವಾಲ್ಯೂಮ್ ಏರಿಸ್ತೀವಿ.

ಸ್ವಲ್ಪ ಲೆಕ್ಕ ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡೆಸಿಬಲ್ ಸದ್ದನ್ನ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬಲ್ ಏರಿದಂಗೆಲ್ಲ ಆ ಹೊತ್ತು ಅರ್ಧಕ್ಕೆ ಇಳೀತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90 ಡೆಸಿಬಲ್ ಅಂದ್ರೆ ವಾರಕ್ಕೆ 4 ಗಂಟೆ ಮಾತ್ರ. ಈಗ ಕಿಟಕಿ ತೆಗೆದಿರೋ ಡೀಸೆಲ್ ಬಸ್ ತಗೊಳ್ರಿ. ಒಳಗಿನ ಸದ್ದೇ 80 ಡೆಸಿಬಲ್ ಮುಟ್ಟೋದು ದೊಡ್ಡ ಮಾತಲ್ಲ. ಅದರ ಮೇಲೆ ಹಾಡು ಕೇಳಬೇಕಂದ್ರೆ ಕೈ ತಾನಾಗೇ 90ರ ಕಡೆ ಹೋಗ್ತದೆ. ಹೋಗ್ತಾ ಮುಕ್ಕಾಲು ಗಂಟೆ, ಬರ್ತಾ ಮುಕ್ಕಾಲು ಗಂಟೆ, ವಾರಕ್ಕೆ 6 ದಿನ. ಒಟ್ಟು 9 ಗಂಟೆ. ಇರೋದು 4 ಗಂಟೆ, ನಾವು ಬಳಸಿದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಇನ್ನೂ ಮನೆಗೆ ಹೋಗಿ ರೀಲ್ಸ್ ನೋಡೋದು ಇದರಾಗ ಸೇರಿಲ್ಲ!

ಇದರಿಂದ ಕಿವಿಗೆ ನೋವಾಗಲ್ಲ, ತೊಂದರೆ ಇರೋದೇ ಅಲ್ಲಿ. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗ ಇದೆ, ಕಾಕ್ಲಿಯಾ ಅಂತಾರೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು ಇರ್ತವೆ. ಅವು ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟಲ್ಲ. ಕೇಳಿಸಿದ ಮೇಲೂ ರಾತ್ರಿ ಕಿವಿಯಲ್ಲಿ ‘ಗುಂಯ್’ ಅಂತಿದ್ರೆ ಅದನ್ನ ಹಗುರವಾಗಿ ತಗೋಬ್ಯಾಡ್ರಿ.

ಸರಿ, ಏನು ತಗೋಬೇಕು? ಬ್ರ್ಯಾಂಡ್ ಹೆಸರು ನಾನು ಹೇಳಲ್ಲ. ಮಾಡೆಲ್ ಆರು ತಿಂಗಳಿಗೆ ಬದಲಾಗ್ತದೆ, ನೀವು ಈ ಎಪಿಸೋಡ್ ಕೇಳೋದು ಯಾವಾಗೋ ಏನೋ.

ಬಸ್ಸಿಗೆ ರಬ್ಬರ್ ಟಿಪ್ ಇರೋದನ್ನೇ ತಗೊಳ್ರಿ. ಟಿಪ್ ಇಲ್ಲದ, ಗಟ್ಟಿ ಪ್ಲಾಸ್ಟಿಕ್‌ದು ಕಿವಿ ಬಾಗಿಲಲ್ಲಿ ಸುಮ್ಮನೆ ಕೂತಿರ್ತದೆ, ಸದ್ದು ಪಕ್ಕದಿಂದ ಒಳಗೆ ನುಗ್ಗತದೆ. ಪೆಟ್ಟಿಗೆಯಲ್ಲಿ ಮೂರು ಸೈಜಿನ ಟಿಪ್ ಕೊಟ್ಟಿರ್ತಾರೆ. ಬಹಳಷ್ಟು ಮಂದಿ ಮೊದಲೇ ಹಾಕಿಬಂದದ್ದನ್ನ ಬಿಟ್ಟು ಉಳಿದದ್ದನ್ನ ಮುಟ್ಟೋದೇ ಇಲ್ಲ. ಬೇಸ್ ಇರೋ ಹಾಡು ಹಾಕಿ, ಬಡ್ಸನ್ನ ಬೆರಳಿಂದ ಮೆಲ್ಲಗೆ ಒಳಗೆ ಒತ್ತಿ ನೋಡ್ರಿ. ಒತ್ತಿದಾಗ ಬೇಸ್ ಒಮ್ಮೆಲೆ ಜಾಸ್ತಿ ಆಯ್ತಾ? ಟಿಪ್ ಸಣ್ಣದಾಗಿದೆ ಅಂತ ಅರ್ಥ, ದೊಡ್ಡದು ಹಾಕ್ರಿ. ಎರಡು ಕಿವಿಗೆ ಬೇರೆ ಬೇರೆ ಸೈಜ್ ಬೇಕಾಗೋದೂ ಉಂಟು. ಐದು ನೂರು ರೂಪಾಯಿ ಇಯರ್‌ಫೋನ್ ಸರಿಯಾಗಿ ಕೂತ್ರೆ, ಸಡಿಲ ಕೂತ ಮೂರು ಸಾವಿರದ್ದಕ್ಕಿಂತ ಚೆನ್ನಾಗಿ ಕೇಳಿಸ್ತದೆ.

ಇನ್ನು ಮಂದಿ ಹೆಚ್ಚು ಮೋಸ ಹೋಗೋ ಜಾಗ. ಕಡಿಮೆ ಬೆಲೆಯ ಬಡ್ಸ್ ಪೆಟ್ಟಿಗೆ ಮೇಲೆ ‘ಇಎನ್‌ಸಿ’ ಅಂತ ದೊಡ್ಡದಾಗಿ ಬರೆದಿರ್ತದೆ. ‘ನಾಯ್ಸ್ ಕ್ಯಾನ್ಸಲೇಶನ್ ಐತ್ರಿ’ ಅಂತ ಅಂಗಡಿಯಲ್ಲೂ ಹೇಳ್ತಾರೆ. ಸುಳ್ಳಲ್ಲ, ಆದರೆ ಅದು ನಿಮಗಲ್ಲ. ಇಎನ್‌ಸಿ ಕೆಲಸ ಮಾಡೋದು ಮೈಕಿನ ಮೇಲೆ. ನೀವು ಫೋನಲ್ಲಿ ಮಾತಾಡುವಾಗ ಆ ಕಡೆಯವರಿಗೆ ಬಸ್ಸಿನ ಸದ್ದು ಕಡಿಮೆ ಕೇಳಿಸ್ತದೆ, ಅಷ್ಟೇ. ನಿಮ್ಮ ಕಿವಿಗೆ ಸದ್ದು ಕಡಿಮೆ ಆಗಬೇಕಂದ್ರೆ ‘ಎಎನ್‌ಸಿ’ ಇರಬೇಕು. ಅದು ಹೊರಗಿನ ಸದ್ದನ್ನ ಮೈಕಿನಲ್ಲಿ ಹಿಡಿದು, ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ ಎರಡನ್ನೂ ಹೊಡೆದುಹಾಕ್ತದೆ. ಎಂಜಿನ್ನಿನ ಒಂದೇ ಸಮ ಗುಡುಗುಟ್ಟೋ ಸದ್ದಿಗೆ ಇದು ಚೆಂದ ಕೆಲಸ ಮಾಡ್ತದೆ. ಕಂಡಕ್ಟರ್ ಸೀಟಿ, ಮಗು ಅಳೋದು, ಹಾರ್ನ್ ಇವುಗಳಿಗೆ ಅಷ್ಟಾಗಿ ಅಲ್ಲ. ಟಿಪ್ ಸಡಿಲ ಇದ್ರೆ ಎಎನ್‌ಸಿ ಕೂಡ ದಂಡ. 2024ರಲ್ಲಿ ಸಿಂಧನೂರಿಗೆ ರೈಲು ಬಂತಲ್ಲ, ಅದರಲ್ಲಿ ಹುಬ್ಬಳ್ಳಿವರೆಗೆ ಹೋಗೋರಿಗೆ, ವಾರಕ್ಕೊಮ್ಮೆ ಬೆಂಗಳೂರು ಬಸ್ ಹತ್ತೋರಿಗೆ ಇದಕ್ಕೆ ದುಡ್ಡು ಹಾಕೋದು ಲಾಭವೇ.

ಇಯರ್‌ಫೋನ್ ಇಲ್ಲದೆ ಸ್ಪೀಕರಿನಲ್ಲೇ ಜೋರಾಗಿ ಹಾಡು ಹಾಕೋ ಅಣ್ಣಂದಿರು ಇದ್ದಾರಲ್ಲ, ಅವರಿಗೂ ಒಂದು ಮಾತು. ಸರ್ಕಾರಿ ಬಸ್ಸಿನಲ್ಲಿ ಹಂಗೆ ಹಾಕಬಾರದು ಅಂತ ಹೈಕೋರ್ಟ್ 2021ರಲ್ಲೇ ಹೇಳಿ ಆಗಿದೆ.

ನಮ್ಮ ಕಡೆ ಬಿಸಿಲು, ದೂಳು ಮರೆಯೋ ಹಂಗಿಲ್ಲ. ಕಿವಿ ಪೂರ್ತಿ ಮುಚ್ಚೋ ದೊಡ್ಡ ಹೆಡ್‌ಫೋನನ್ನ ಏಪ್ರಿಲ್‌ನಲ್ಲಿ ಅರ್ಧ ಗಂಟೆ ಹಾಕ್ಕೊಂಡ್ರೆ ಕಿವಿ ಬೆವರಿನಲ್ಲಿ ನೆನೀತದೆ. ರಾತ್ರಿ ಫ್ಯಾನ್ ಕೆಳಗೆ ಕೂತು ಓದೋರಿಗೆ ಅದು ಸರಿ. ಪೆಟ್ಟಿಗೆ ಮೇಲೆ ‘ಐಪಿಎಕ್ಸ್ 4’ ಅಂತ ಇದ್ರೆ ನೀರಿನ ಹನಿ, ಬೆವರು ತಡೀತದೆ. ಎಕ್ಸ್ ಇರೋ ಜಾಗ ದೂಳಿನದ್ದು, ಅದನ್ನ ಪರೀಕ್ಷೆ ಮಾಡಿಲ್ಲ ಅಂತ ಅರ್ಥ. ಭತ್ತ ಕೊಯ್ಯೋ ದಿನಗಳಲ್ಲಿ ಹೊಲದ ಕಡೆ ಇರೋರು ‘ಐಪಿ 54’ ಹುಡುಕ್ರಿ. ಬಡ್ಸನ್ನ ಬೈಕಿನ ಟ್ಯಾಂಕ್ ಕವರ್‌ನಲ್ಲಿ ಬಿಸಿಲಿಗೆ ಬಿಟ್ಟು ಹೋದ್ರೆ ಬ್ಯಾಟರಿ ಬೇಗ ಸಾಯ್ತದೆ.

ಟ್ರ್ಯಾಕ್ಟರ್ ಓಡಿಸೋರ ವಿಷಯ ಬೇರೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಸೀಟಿನಲ್ಲಿ ಸದ್ದೇ 90 ಡೆಸಿಬಲ್ ಆಸುಪಾಸು ಇರ್ತದೆ. ಅದರ ಮೇಲೆ ಹಾಡು ಏರಿಸಿದ್ರೆ ಕಿವಿ ಗತಿ ಏನು? ರೈಸ್ ಮಿಲ್ಲಿನಲ್ಲಿ ಕೆಲಸ ಮಾಡೋರಿಗೂ ಇದೇ ಮಾತು. ಅಲ್ಲಿ ಬೇಕಾದ್ದು ಮೆಡಿಕಲ್ ಶಾಪಿನಲ್ಲಿ ಸಿಗೋ ಫೋಮ್ ಇಯರ್‌ಪ್ಲಗ್. ಬೆಲೆ ಒಂದು ಪ್ಲೇಟ್ ಮಿರ್ಚಿಯಷ್ಟು.

ಆನ್‌ಲೈನ್ ಕ್ಲಾಸ್, ಇಂಟರ್‌ವ್ಯೂ, ಮನೆಯಿಂದಲೇ ಕೆಲಸ ಇದ್ದೋರು ವೈರ್ ಇರೋದನ್ನ ಹಳೇ ಕಾಲದ್ದು ಅಂತ ನಗಬ್ಯಾಡ್ರಿ. ಲ್ಯಾಪ್‌ಟಾಪಿಗೆ ಬ್ಲೂಟೂತ್ ಜೋಡಿಸಿ ಮೈಕ್ ಆನ್ ಮಾಡಿದ ಕೂಡಲೇ ಹಾಡಿನ ದನಿ ಹಳೇ ಟೆಲಿಫೋನಿನಂಗೆ ಆಗೋದನ್ನ ಗಮನಿಸಿರಬಹುದು. ಬಡ್ಸ್ ಕೆಟ್ಟಿಲ್ಲ, ಬಹಳಷ್ಟು ಬಡ್ಸ್‌ನಲ್ಲಿ ಮೈಕ್ ಮತ್ತು ದನಿ ಎರಡೂ ಒಟ್ಟಿಗೆ ಹೋಗುವಾಗ ಗುಣಮಟ್ಟ ಇಳೀತದೆ. ವೈರಿಗೆ ಆ ಗೋಳಿಲ್ಲ, ಚಾರ್ಜ್ ಚಿಂತೆಯೂ ಇಲ್ಲ. ಫೋನಿಗೆ ದುಂಡನೆ ತೂತು ಇಲ್ಲದಿದ್ರೆ ಯುಎಸ್‌ಬಿ ಸಿ ಪಿನ್ನಿಂದು ತಗೊಳ್ರಿ.

ಬೈಕ್ ಮೇಲೆ ಯಾವುದೂ ಬೇಡ. ಕಿವಿ ತೆರೆದಿಡೋ ಬೋನ್ ಕಂಡಕ್ಷನ್ ಬಂದಿವೆ, ನಿಜ, ಹೊಲದ ಬದುವಿನ ಮೇಲೆ ವಾಕಿಂಗ್ ಹೋಗೋರಿಗೆ ಒಳ್ಳೇದು. ರಾಯಚೂರು ರಸ್ತೆಯಲ್ಲಿ ಹಿಂದಿನಿಂದ ಭತ್ತದ ಲಾರಿ ಬರುವಾಗ ಅಲ್ಲ.

ಕೊನೇದಾಗಿ ಅಂಗಡಿ ವಿಷಯ. ಆನ್‌ಲೈನ್‌ನಲ್ಲಿ ತರಿಸೋ ಮೊದಲು ವಾಪಸ್ ನಿಯಮ ಓದ್ರಿ. ಕಿವಿಗೆ ಹಾಕೋ ವಸ್ತು ಅಂತ ‘ಬದಲಿ ಕೊಡ್ತೀವಿ, ದುಡ್ಡು ಕೊಡಲ್ಲ’ ಅಂತ ಇರಬಹುದು. ಸಿಂಧನೂರಿನ ಅಂಗಡಿಯಲ್ಲಿ ತಗೊಂಡ್ರೆ ಜಿಎಸ್‌ಟಿ ಬಿಲ್ ಕೇಳಿ ಇಸ್ಕೊಳ್ರಿ, ಮನೆಗೆ ಬಂದ ದಿನವೇ ಅದರ ಫೋಟೋ ತೆಗೆದಿಡ್ರಿ. ಆ ಬಿಲ್ಲಿನ ಶಾಯಿ ವಾರಂಟಿ ಮುಗಿಯೋದಕ್ಕಿಂತ ಮೊದಲೇ ಮಾಸಿಹೋಗ್ತದೆ.